ಗಾಳಿ ಹಿಡಿದ ಪೈಪು

ನಮ್ಮ ಮನೆಯ ಹಿಂದಿನ ಅಂಗಳದಲ್ಲಿ ಒಂದು ಕಲ್ಲು ಮರಿಗೆ, ಅಂದರೆ ತೊಟ್ಟಿ, ಇದೆ. ಅದಕ್ಕೆ ಹಗಲೂ ರಾತ್ರಿ ನೀರು ಬೀಳುತ್ತಿರುತ್ತದೆ. ಆ ಸದ್ದು ಕೇಳಿಯೇ ಬೆಳೆದವರಿಗೆ ಅದು ಸದ್ದು ಅಂತಲೇ ಅನ್ನಿಸುವುದಿಲ್ಲ, ನಿಂತಾಗ ಮಾತ್ರ ಗೊತ್ತಾಗುತ್ತದೆ. 2021ರ ನವೆಂಬರಿನ ಒಂದು ಬೆಳಿಗ್ಗೆ ಅದು ನಿಂತಿತ್ತು. ನಾನು ಎದ್ದು ಬರುವಷ್ಟರಲ್ಲಿ ಅಮ್ಮ ಬಚ್ಚಲಿನ ಹಂಡೆಯೊಳಗೆ ಬಗ್ಗಿ ನೋಡುತ್ತಿದ್ದರು.

"ಅಬ್ಬಿ ನಿಂತಿದೆ ಮಾರಾಯ" ಎಂದು ಅಪ್ಪಯ್ಯ ಒಳಗಿನಿಂದಲೇ ಕೂಗಿದರು. ಅವರಿಗೆ ಮಂಡಿ ಆಪರೇಷನ್ ಆಗಿ ಮೂರು ವಾರ ಆಗಿತ್ತು. ಜಗಲಿ ದಾಟಿ ಅಂಗಳಕ್ಕೆ ಇಳಿಯುವುದೇ ಕಷ್ಟ, ಇನ್ನು ಗುಡ್ಡ ಹತ್ತುವ ಮಾತೆಲ್ಲಿ? ನಾನೇ ಹೋಗಬೇಕಿತ್ತು. ನಲವತ್ತು ದಾಟಿದ ನನಗೆ ನಮ್ಮ ಮನೆಗೆ ನೀರು ಯಾವ ದಾರಿಯಲ್ಲಿ ಬರುತ್ತದೆ ಅಂತ ಸರಿಯಾಗಿ ಗೊತ್ತಿರಲಿಲ್ಲ.

ಬಯಲುಸೀಮೆಯವರಿಗೆ ಅಬ್ಬಿ ಅಂದರೆ ಏನು ಅಂತ ಹೇಳಬೇಕು. ನಮ್ಮದು ತೀರ್ಥಹಳ್ಳಿ ಕಡೆಯ ಒಂದು ಒಂಟಿ ಮನೆ. ಮನೆಯ ಮೇಲ್ಗಡೆ ಗುಡ್ಡದಲ್ಲಿ ಒಂದು ಒರತೆ. ಅಲ್ಲಿಂದ ನೀರು ತಾನಾಗಿ ಇಳಿದು ಬರುತ್ತದೆ. ಮೋಟಾರಿಲ್ಲ, ಕರೆಂಟಿಲ್ಲ. ಅಜ್ಜನ ಕಾಲದಲ್ಲಿ ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳು ತೆಗೆದು, ಆ ದಬ್ಬೆಗಳನ್ನು ಒಂದರ ಬಾಯಿಗೆ ಒಂದು ಇಟ್ಟು, ಕವಲುಕೋಲಿನ ಮೇಲೆ ಸಾಲಾಗಿ ತರುತ್ತಿದ್ದರಂತೆ. ಎರಡು ಮಳೆಗಾಲ ಕಳೆದರೆ ದಬ್ಬೆ ಲಡ್ಡು, ಅಂದರೆ ಕೊಳೆತುಹೋಗುತ್ತದೆ. ನಾನು ಪ್ರೈಮರಿ ಶಾಲೆಗೆ ಹೋಗುವಾಗ ಕಪ್ಪು ಪೈಪು ಬಂತು. ಒರತೆಯಿಂದ ಮನೆಗೆ ಸುಮಾರು ಅರ್ಧ ಕಿಲೋಮೀಟರ್ ಪೈಪು, ಇಳಿಜಾರು ಹೆಚ್ಚುಕಡಿಮೆ ಮೂವತ್ತು ಮೀಟರ್.

ಆ ದಿನ ಪೈಪನ್ನೇ ಹಿಡಿದುಕೊಂಡು ಮೇಲೆ ಹೋದೆ. ಎಲ್ಲಾದರೂ ಒಡೆದಿರಬಹುದು ಅಂತ ನೋಡುತ್ತಾ ಹೋದೆ. ಮುಳ್ಳುಹಂದಿ ಕಚ್ಚುವುದುಂಟು. ಬೇಸಿಗೆಯಲ್ಲಿ ಮಂಗಗಳೂ ಕಚ್ಚುತ್ತವೆ, ಅವಕ್ಕೂ ಬಾಯಾರಿಕೆ. ಕೆಲವು ಸಲ ಒಣಗಿದ ಮರದ ಕೊಂಬೆ ಬಿದ್ದು ಜಾಯಿಂಟು ಜಾರಿರುತ್ತದೆ. ಈ ಸಲ ಅದ್ಯಾವುದೂ ಆಗಿರಲಿಲ್ಲ. ಮೇಲಿನ ಕಟ್ಟೆಯಲ್ಲಿ ನೀರು ತುಂಬಿಕೊಂಡೇ ಇತ್ತು. ಪೈಪಿನ ಬಾಯಿಗೆ ಅಪ್ಪಯ್ಯ ಒಂದು ಪ್ಲಾಸ್ಟಿಕ್ ಬಾಟಲಿಗೆ ತೂತು ಹೊಡೆದು ಸಿಕ್ಕಿಸಿದ್ದರು, ಎಲೆ, ಏಡಿ ಒಳಗೆ ಹೋಗದ ಹಾಗೆ. ಅದರ ಮೇಲೆ ಒಂದಿಷ್ಟು ಎಲೆ ಕೂತಿತ್ತು. ಬಳಿದು ತೆಗೆದೆ. ಕೆಳಗೆ ಬಂದು ನೋಡಿದರೆ ನೀರಿಲ್ಲ.

ಮೇಲೆ ನೀರಿದೆ, ಪೈಪು ಗಟ್ಟಿಯಿದೆ, ಕೆಳಗೆ ಹನಿ ಇಲ್ಲ. ನನಗೆ ತಲೆಬುಡ ಅರ್ಥವಾಗಲಿಲ್ಲ.

ಅಪ್ಪಯ್ಯ ಕೇಳಿಸಿಕೊಂಡರು. "ಹಲಸಿನ ಮರದ ಹತ್ತಿರ ಪೈಪು ಉಬ್ಬಿ ಹೋಗಿದೆ ಅಲ್ವಾ? ಅಲ್ಲಿ ಗಾಳಿ ಹಿಡಿದಿರ್ತದೆ. ಕಡ್ಡಿ ಕೀಳು."

"ಯಾವ ಕಡ್ಡಿ?"

"ಹೋಗಿ ನೋಡು, ಕಡ್ಡಿ ಇದೆ."

ಮತ್ತೆ ಹತ್ತಿದೆ. ಹಲಸಿನ ಬೇರನ್ನು ದಾಟಲು ಪೈಪು ಅಲ್ಲಿ ಮೇಲೆ ಎದ್ದು ಮತ್ತೆ ಇಳಿಯುತ್ತದೆ. ತರಗೆಲೆ ಸರಿಸಿದರೆ, ಉಬ್ಬಿನ ನೆತ್ತಿಯ ಮೇಲೆ ಬೆಂಕಿಕಡ್ಡಿಗಿಂತ ತುಸು ದಪ್ಪದ ಒಂದು ಬಿದಿರಿನ ಕಡ್ಡಿ ಸಿಕ್ಕಿಸಿತ್ತು. ಯಾವತ್ತೋ ಮೊಳೆ ಕಾಸಿ ಮಾಡಿದ ತೂತು. ಕಡ್ಡಿ ಕಿತ್ತೆ. ಬುಸ್ ಅಂತ ಗಾಳಿ ಬಂತು, ಸೈಕಲ್ ಟ್ಯೂಬಿನ ವಾಲ್ವ್ ಒತ್ತಿದ ಹಾಗೆ. ಅರ್ಧ ನಿಮಿಷ ಬರೀ ಗಾಳಿ. ಆಮೇಲೆ ಗೊಳಗೊಳ ಸದ್ದು, ನೊರೆ, ನಂತರ ದಾರದಂಥ ನೀರು ನೇರ ನನ್ನ ಮುಖಕ್ಕೆ. ಕಡ್ಡಿ ಮತ್ತೆ ಸಿಕ್ಕಿಸಿ ಇಳಿದು ಬರುವಷ್ಟರಲ್ಲಿ ಮರಿಗೆ ಸದ್ದು ಮಾಡುತ್ತಿತ್ತು.

ಲೆಕ್ಕ ಇಷ್ಟೇ. ಮಳೆ ಹಿಂದೆ ಸರಿದ ಮೇಲೆ ಒರತೆಯ ಹರಿವು ಕಡಿಮೆಯಾಗುತ್ತದೆ. ಪೈಪಿನ ಬಾಯಿಗೆ ಎಲೆ ಅಡ್ಡ ಬಂದರೆ ನೀರಿನ ಜತೆ ಗಾಳಿಯೂ ಒಳಗೆ ಹೋಗುತ್ತದೆ. ಮಳೆಗಾಲದ ರಭಸದಲ್ಲಾದರೆ ನೀರು ಆ ಗಾಳಿಯನ್ನು ಎಳೆದುಕೊಂಡು ಹೋಗಿಬಿಡುತ್ತದೆ. ನಿಧಾನ ಹರಿವಿನಲ್ಲಿ ಆಗುವುದಿಲ್ಲ. ಗಾಳಿ ಹಗುರ, ಉಬ್ಬಿನ ನೆತ್ತಿಯಲ್ಲಿ ಹೋಗಿ ಕೂರುತ್ತದೆ, ಅಲ್ಲಿಂದ ಅಲ್ಲಾಡುವುದಿಲ್ಲ. ಉಬ್ಬು ಒರತೆಯ ಮಟ್ಟಕ್ಕಿಂತ ಸಾಕಷ್ಟು ತಗ್ಗಿನಲ್ಲಿದ್ದರೆ ಕಡ್ಡಿಯ ಉಪಾಯ ನಡೆಯುತ್ತದೆ. ಒರತೆಗಿಂತ ಎತ್ತರ ಇದ್ದರೆ ನಡೆಯುವುದಿಲ್ಲ, ಆಗ ಕಡ್ಡಿ ಕಿತ್ತರೆ ಹೊರಗಿನ ಗಾಳಿಯೇ ಒಳಗೆ ಹೋಗುತ್ತದೆ. ಈಗ ಆ ಜಾಗಕ್ಕೆ ಮೂರು ಬಾಯಿಯ ಒಂದು ಟೀ ಜಾಯಿಂಟು ಹಾಕಿ ಸಣ್ಣ ವಾಲ್ವ್ ಕೂರಿಸಿದ್ದೇನೆ. ಅಪ್ಪಯ್ಯನ ಕಡ್ಡಿಗಿಂತ ಅದೇನೂ ಹೆಚ್ಚು ಕೆಲಸ ಮಾಡುವುದಿಲ್ಲ, ನೋಡಲು ಚೆನ್ನಾಗಿದೆ ಅಷ್ಟೇ.

ಅವತ್ತಿನಿಂದ ನನ್ನ ತಲೆಯಲ್ಲಿ ಒಂದು ವಿಚಾರ ಕೂತಿದೆ. ಹಳ್ಳಿ ಮನೆಯಲ್ಲಿ ನೀರಿನ ತೊಂದರೆ ಅಂತ ನಾವು ಹೇಳುವುದರಲ್ಲಿ ಮುಕ್ಕಾಲು ಪಾಲು ಗಾಳಿಯ ತೊಂದರೆ. ಇರಬಾರದ ಕಡೆ ಗಾಳಿ ಇರುತ್ತದೆ, ಇಲ್ಲವಾದರೆ ಇರಬೇಕಾದ ಕಡೆ ಇರುವುದಿಲ್ಲ.

ಗಾಳಿಗೆ ಸಂಬಂಧವಿಲ್ಲದ ಒಂದು ದೊಡ್ಡ ಎಡವಟ್ಟನ್ನೂ ಹೇಳಿಬಿಡುತ್ತೇನೆ, ಅದು ನನ್ನದೇ. 2020ರಲ್ಲಿ ಲಾಕ್‌ಡೌನ್ ಅಂತ ಬೆಂಗಳೂರು ಬಿಟ್ಟು ಬಂದಾಗ, ಮರಿಗೆಗೆ ಸುಮ್ನೆ ಸುರಿಯುವ ನೀರು ನೋಡಿ ಹೊಟ್ಟೆ ಉರಿಯಿತು. ಟ್ಯಾಂಕರಿಗೆ ದುಡ್ಡು ಕೊಟ್ಟು ಬದುಕಿದವನು ನಾನು. ಪೈಪಿನ ತುದಿಗೆ ಒಂದು ನಲ್ಲಿ ಹಾಕಿ ರಾತ್ರಿ ಬಂದ್ ಮಾಡಿದೆ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಏನೂ ಬರಲಿಲ್ಲ. ದರೆಯ ಮೇಲೆ ಎರಡು ಕಡೆ ಜಾಯಿಂಟು ಬಿಟ್ಟುಹೋಗಿ, ನೀರು ರಾತ್ರಿಯಿಡೀ ಮಣ್ಣು ಕೊಚ್ಚಿ ತೋಟಕ್ಕೆ ಇಳಿಸಿತ್ತು.

ಹರಿಯುತ್ತಿರುವ ಪೈಪಿನಲ್ಲಿ ಒತ್ತಡ ಜಾಸ್ತಿ ಇರುವುದಿಲ್ಲ, ಹರಿಯುವುದರಲ್ಲೇ ಖರ್ಚಾಗುತ್ತದೆ. ತುದಿ ಮುಚ್ಚಿದರೆ ಮೂವತ್ತು ಮೀಟರಿನ ಪೂರ್ತಿ ಭಾರ ಕೆಳಗಿನ ಜಾಯಿಂಟುಗಳ ಮೇಲೆ ಬೀಳುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಒಂದು ಚದರ ಸೆಂಟಿಮೀಟರಿಗೆ ಒಂದು ಕಿಲೋ. ನಮ್ಮಲ್ಲಿ ಮೂರು ಕಿಲೋ. ತಂತಿ ಸುತ್ತಿ ಬಿಗಿದ ಹಳೇ ಜಾಯಿಂಟು ತಡೆಯುತ್ತದಾ? ಮರಿಗೆ ತುಂಬಿ ಹರಿದ ನೀರು ಹಾಳಾಗುತ್ತಲೂ ಇರಲಿಲ್ಲ. ಕೊಟ್ಟಿಗೆಯ ಪಕ್ಕದ ಕಾಲುವೆಯಲ್ಲಿ ಹೋಗಿ ತೋಟದ ಮೇಲಿನ ಎರಡು ಸಾಲು ಅಡಿಕೆಗೆ ಸೇರುತ್ತಿತ್ತು. ಅಪ್ಪಯ್ಯ ಬೈಯಲಿಲ್ಲ. "ಅಬ್ಬಿಗೆ ಬಾಗಿಲು ಹಾಕ್ಬಾರದು" ಅಂದರು, ಅಷ್ಟೇ. ಈಗ ಟ್ಯಾಂಕಿಗೆ ಹೋಗುವ ಕವಲಿಗೆ ಮಾತ್ರ ವಾಲ್ವ್ ಇದೆ. ಟ್ಯಾಂಕು ಬಂದ್ ಮಾಡಿದರೆ ಮರಿಗೆ ತೆರೆದೇ ಇರುತ್ತದೆ.

ಟ್ಯಾಂಕಿನದ್ದೂ ಒಂದು ಕಥೆ. ಸಾವಿರ ಲೀಟರಿನ ಟ್ಯಾಂಕು ತುಂಬಿದರೆ ನೀರೇ ಒಂದು ಟನ್ ಭಾರ. ಅದನ್ನು ನಾಲ್ಕು ಕಬ್ಬಿಣದ ಪಟ್ಟಿಯ ಮೇಲೆ ಕೂರಿಸಿದವರ ಮನೆ ಗೊತ್ತು ನನಗೆ. ಎರಡೇ ವರ್ಷಕ್ಕೆ ತಳ ಜೋತು ಸೀಳಿತು. ಅಡಿಯಲ್ಲಿ ಪೂರ್ತಿ ಹಾಸು ಬೇಕು, ಕಲ್ಲು ಚಪ್ಪಡಿಯೋ ಗಟ್ಟಿ ಹಲಗೆಯೋ. ಇನ್ನೊಂದು, ಟ್ಯಾಂಕು ಬಚ್ಚಲಿಗಿಂತ ಮೂರು ಮೀಟರ್ ಮೇಲಿದ್ದರೆ ಒತ್ತಡ ಕಾಲು ಕಿಲೋಗಿಂತ ತುಸು ಹೆಚ್ಚು, ಅಷ್ಟೇ. ಪೇಟೆಯಲ್ಲಿ ಕಂಡ ತಟ್ಟೆಯಗಲದ ಶವರ್ ತಂದು ಹಾಕಿದರೆ ನಾಲ್ಕು ಹನಿ ತಲೆ ಮೇಲೆ ಬೀಳುತ್ತದೆ. ನಾನು ತಂದು ಹಾಕಿದ್ದೇನೆ. ಅದರಲ್ಲಿ ಈಗ ಜೇಡ ಮನೆ ಮಾಡಿದೆ.

ಬಿಸಿನೀರಿನ ವಿಷಯದಲ್ಲಿ ಮೋಸ ಹೋಗುವುದು ಸುಲಭ. ಸೋಲಾರ್ ಹಾಕಿಸಿದಾಗ ಬಂದ ಪ್ಲಂಬರ್ ಕೈಯಲ್ಲಿದ್ದ ಮಾಮೂಲಿ ಪಿವಿಸಿ ಪೈಪನ್ನೇ ಬಿಸಿನೀರಿಗೂ ಜೋಡಿಸಿ ಹೋದ. ಫೆಬ್ರವರಿ ತನಕ ಏನೂ ಆಗಲಿಲ್ಲ. ಬಿಸಿಲು ಏರಿದ ಮೇಲೆ ಪೈಪು ಬಾಡಿದ ಕೆಸುವಿನ ದಂಟಿನ ಹಾಗೆ ಗೋಡೆ ಮೇಲೆ ಜೋತುಬಿತ್ತು. ಮಾಮೂಲಿ ಪಿವಿಸಿ ಅರವತ್ತು ಡಿಗ್ರಿಯ ಆಚೆಗೆ ತಡೆಯುವುದಿಲ್ಲ, ಅದಕ್ಕೆ ಮುಂಚೆಯೇ ಮೆತ್ತಗಾಗಲು ಶುರು. ಬಿಸಿಗೆ ಸಿಪಿವಿಸಿ ಬೇಕು, ಕೆನೆ ಬಣ್ಣದ್ದು. ಅಂಟಿಸುವ ಸಲ್ಯೂಷನ್ ಕೂಡ ಬೇರೆ. ಮತ್ತೆ ಬಿಳಿ ಪಿವಿಸಿಯನ್ನು ಬಿಸಿಲಲ್ಲಿ ಬಿಟ್ಟರೆ ಕೆಲವೇ ವರ್ಷಕ್ಕೆ ಹಪ್ಪಳದ ಹಾಗೆ ಪಟ್ಟನೆ ಮುರಿಯುತ್ತದೆ. ಗುಡ್ಡದ ಪೈಪು ಕಪ್ಪಗಿರುವುದು ಚೆಂದಕ್ಕಲ್ಲ, ಅದರಲ್ಲಿರುವ ಮಸಿ ಬಿಸಿಲು ತಡೆಯುತ್ತದೆ.

ಏಪ್ರಿಲ್ ಬಂತೆಂದರೆ ಅಬ್ಬಿ ನೂಲಿನಷ್ಟಾಗುತ್ತದೆ. ನಮ್ಮಿಂದ ಒಂದು ಗಂಟೆ ದಾರಿಯ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ, ಆದರೂ ಬೇಸಿಗೆಯಲ್ಲಿ ಈ ಕಡೆಯವರು ಕೊಡ ಹಿಡಿದು ಓಡಾಡುವುದನ್ನು ಹೇಳಿದರೆ ಹೊರಗಿನವರು ನಂಬುವುದಿಲ್ಲ. ಆಗ ಬಾವಿಯ ಮೋಟಾರೇ ಗತಿ. ಮೋಟಾರು ಓಡುತ್ತದೆ, ನೀರು ಬರುವುದಿಲ್ಲ ಅಂತ ವರ್ಷಕ್ಕೆ ನಾಲ್ಕು ಜನರಾದರೂ ನನ್ನ ಹತ್ತಿರ ಹೇಳುತ್ತಾರೆ. ಪಕ್ಕದ ಮನೆ ಭಾವ ಇದೇ ಕಾರಣಕ್ಕೆ ಎರಡು ಸಲ ಕಾಯಿಲ್ ಸುತ್ತಿಸಿ ತಂದಿದ್ದರು, ಕಾಯಿಲ್ ಸುಟ್ಟಿರಲೇ ಇಲ್ಲ.

ಬಾವಿ ದಂಡೆಯ ಮೇಲಿನ ಮೋಟಾರು ನೀರನ್ನು ಎಳೆಯುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಅದು ಪೈಪಿನೊಳಗೆ ಒತ್ತಡ ಕಡಿಮೆ ಮಾಡಿಕೊಡುತ್ತದೆ, ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿ. ಆ ಗಾಳಿಯ ತಾಕತ್ತು ಲೆಕ್ಕಕ್ಕೆ ಹತ್ತು ಮೀಟರ್ ಚಿಲ್ಲರೆ, ನಮ್ಮ ಕಡೆಯ ಪೈಪು, ಬೆಂಡುಗಳಲ್ಲಿ ಏಳು ಮೀಟರ್ ಸಿಕ್ಕರೆ ಪುಣ್ಯ. ಬಾವಿಯ ನೀರು ಇಪ್ಪತ್ತೈದು ಅಡಿಗಿಂತ ಕೆಳಗೆ ಹೋದ ಮೇಲೆ ದಂಡೆಯ ಮೇಲಿನ ಮೋಟಾರು ಎಷ್ಟು ಕೂಗಿದರೂ ಅಷ್ಟೇ. ಎಚ್‌ಪಿ ಜಾಸ್ತಿ ಮಾಡಿದರೂ ಅಷ್ಟೇ. ಭಾವನ ಬಾವಿಯಲ್ಲಿ ಒಳಗೆ ಒಂದು ಮೆಟ್ಟಿಲಿನ ಮಟ್ಟಕ್ಕೆ ಕಟ್ಟೆ ಇದೆ. ಮೋಟಾರನ್ನು ಅಲ್ಲಿಗೆ ಇಳಿಸಿದೆವು, ಸಾಯಂಕಾಲಕ್ಕೆ ಟ್ಯಾಂಕು ತುಂಬಿತು. ಜೂನ್ ಒಂದನೇ ತಾರೀಕಿನೊಳಗೆ ಮೇಲೆ ಎತ್ತಬೇಕು, ಇಲ್ಲದಿದ್ದರೆ ಮೋಟಾರಿಗೆ ಜಲಸಮಾಧಿ.

ನೀರು ಹತ್ತಿರವೇ ಇದ್ದೂ ಬರುತ್ತಿಲ್ಲ ಅಂದರೆ ಫುಟ್‌ವಾಲ್ವ್ ನೋಡಬೇಕು. ನಿಲ್ಲಿಸಿದಾಗ ಪೈಪಿನ ನೀರು ಬಾವಿಗೆ ವಾಪಸ್ ಇಳಿಯದ ಹಾಗೆ ಹಿಡಿದಿಡುವ ಬಾಗಿಲು ಅದು. ಒಂದು ಸಣ್ಣ ಕಡ್ಡಿ ಸಿಕ್ಕಿದರೂ ಬಾಗಿಲು ಪೂರ್ತಿ ಕೂರುವುದಿಲ್ಲ, ನೀರು ಇಳಿದುಹೋಗಿ ಪೈಪಿನಲ್ಲಿ ಗಾಳಿ ತುಂಬುತ್ತದೆ. ಇಲ್ಲವಾದರೆ ಎಳೆಯುವ ಪೈಪಿನಲ್ಲಿ ಎಲ್ಲೋ ಸೂಜಿಮೊನೆಯ ಬಿರುಕು. ಅಲ್ಲಿ ನೀರು ಸೋರುವುದಿಲ್ಲ, ಮೋಟಾರು ಓಡುವಾಗ ಗಾಳಿ ಒಳಗೆ ಹೋಗುತ್ತದೆ, ಹಾಗಾಗಿ ಕಣ್ಣಿಗೆ ಕಾಣುವುದೇ ಇಲ್ಲ. ಸೋಪಿನ ನೊರೆ ಹಚ್ಚಿ ಮೋಟಾರು ಹಾಕಿ. ನೊರೆ ಎಲ್ಲಿ ಒಳಗೆ ಎಳೆದುಕೊಳ್ಳುತ್ತದೋ ಅಲ್ಲಿದೆ ಕಳ್ಳ.

ಸೋರುವ ನಲ್ಲಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅಡುಗೆಮನೆಯ ಹಿತ್ತಾಳೆ ನಲ್ಲಿ ಸೆಕೆಂಡಿಗೊಂದು ಹನಿ ಬೀಳಿಸುತ್ತಿತ್ತು. ಒಂದು ರಾತ್ರಿ ಹತ್ತಕ್ಕೆ ಬಕೆಟ್ ಇಟ್ಟು ಬೆಳಿಗ್ಗೆ ಆರಕ್ಕೆ ನೋಡಿದೆ. ಅರ್ಧ ಬಕೆಟ್, ಏಳು ಲೀಟರ್. ದಿನಕ್ಕೆ ಇಪ್ಪತ್ತರ ಮೇಲೆ ಆಯಿತು, ಏಪ್ರಿಲ್‌ನಲ್ಲಿ ಒಬ್ಬರ ಸ್ನಾನದ ನೀರು. ಒಳಗಿನ ವಾಷರ್ ಸವೆದಿರುತ್ತದೆ, ಕೆಲವೇ ರೂಪಾಯಿ. ಅಪ್ಪಯ್ಯ ಅದನ್ನೂ ಕೊಳ್ಳುತ್ತಿರಲಿಲ್ಲ, ಹಳೇ ಟ್ಯೂಬು ಕತ್ತರಿಸಿ ಹಾಕುತ್ತಿದ್ದರು. ಟೆಫ್ಲಾನ್ ಟೇಪು ಸುತ್ತುವಾಗ ಮಾತ್ರ ನಲ್ಲಿಯ ಥ್ರೆಡ್ ಇರುವ ತುದಿಯನ್ನು ನಿಮ್ಮ ಕಡೆ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಿ, ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಟೇಪೇ ಬಿಚ್ಚಿಕೊಂಡು ಬರುತ್ತದೆ.

ಹೊರಗೆ ಹೋಗುವ ನೀರಿನ ಕಡೆ ಬರೋಣ. ಅಲ್ಲಿಯೂ ಗಾಳಿಯದ್ದೇ ರಾಜ್ಯಭಾರ.

ಊರಲ್ಲಿ ಈಗ ಅರ್ಧ ಮನೆಗಳಿಗೆ ಬೀಗ. ಮಕ್ಕಳು ಬೆಂಗಳೂರಲ್ಲಿ, ಹಬ್ಬಕ್ಕೆ ಬರುತ್ತಾರೆ. ಬೀಗ ತೆಗೆದ ಕೂಡಲೇ ಮೂಗು ಮುಚ್ಚಿಕೊಂಡು ಹೊರಗೆ ಓಡಿ ಬಂದು "ಏನೋ ಸತ್ತಿದೆ" ಅನ್ನುತ್ತಾರೆ. ಏನೂ ಸತ್ತಿರುವುದಿಲ್ಲ. ಬಚ್ಚಲಿನ ನೆಲದಲ್ಲಿ ಜಾಲರಿಯ ಕೆಳಗೆ ನಹಾನಿ ಟ್ರ್ಯಾಪ್ ಇರುತ್ತದೆ. ಅದರಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರಬೇಕು, ಆ ನೀರೇ ಬಾಗಿಲು. ಮನೆಯಲ್ಲಿ ಜನ ಇಲ್ಲದೆ ಒಂದೆರಡು ತಿಂಗಳಾದರೆ ನೀರು ಆರಿಹೋಗುತ್ತದೆ, ಕೊಳವೆಯ ಗಾಳಿ ನೇರ ಮನೆಗೆ. ಜತೆಗೆ ಜಿರಳೆ. ಎರಡು ಚೊಂಬು ನೀರು ಹಾಕಿದರೆ ಮುಗಿಯಿತು. ಮನೆ ಬಿಟ್ಟು ಹೋಗುವಾಗ ಮೇಲೆ ಒಂದು ಚಮಚ ಕೊಬ್ಬರಿ ಎಣ್ಣೆ ಬಿಟ್ಟರೆ ಬೇಗ ಆರುವುದಿಲ್ಲ.

ಜನ ಇರುವ ಮನೆಯಲ್ಲೂ ವಾಸನೆ ಬಂದರೆ ಗಾಳಿ ಪೈಪು ನೋಡಿ. ಪಾಯಿಖಾನೆಯ ಕೊಳವೆಯಿಂದ ಮಾಡಿನ ಮೇಲಕ್ಕೆ ಹೋಗುವ ಒಂದು ಪೈಪು ಇರುತ್ತದೆ. ಒಬ್ಬರ ಮನೆಯಲ್ಲಿ ಕಪ್ಪೆ ಬೀಳುತ್ತದೆ ಅಂತ ಅದರ ಬಾಯಿಗೆ ತೆಂಗಿನ ಚಿಪ್ಪು ಮುಚ್ಚಿದ್ದರು. ಆಮೇಲೆ ಒಂದು ಬಕೆಟ್ ನೀರು ರಭಸದಿಂದ ಸುರಿದಾಗಲೆಲ್ಲ, ಹಿಂದೆ ಗಾಳಿ ಸಿಗದೆ, ಆ ನೀರು ಬಚ್ಚಲಿನ ಟ್ರ್ಯಾಪಿನ ನೀರನ್ನೂ ಗೊಟಗೊಟ ಅಂತ ಎಳೆದುಕೊಂಡು ಹೋಗುತ್ತಿತ್ತು. ಚಿಪ್ಪು ತೆಗೆದು ಸೊಳ್ಳೆ ಬಲೆ ಕಟ್ಟಿದೆವು. ಆಸ್ಪತ್ರೆಯಂಥ ವಾಸನೆಯ ಫಿನಾಯಿಲ್‌ಗೆ ಅವರು ಅಲ್ಲಿಯವರೆಗೆ ಎಷ್ಟು ಖರ್ಚು ಮಾಡಿದ್ದರೋ.

ಕಟ್ಟಿಕೊಂಡ ಕೊಳವೆಗೆ ಆ್ಯಸಿಡ್ ಸುರಿಯುವವರಿಗೆ ಒಂದು ಮಾತು. ಮೊದಲೇ ಬ್ಲೀಚಿಂಗ್ ಪೌಡರ್ ಹಾಕಿದ ಕಡೆ ಆ್ಯಸಿಡ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಹಾಕಿದ ಸಣ್ಣ ಬಚ್ಚಲಿನಲ್ಲಿ ಅದು ಜೀವ ತೆಗೆಯಬಹುದು. ಸಿಂಕಿನ ಕೆಳಗಿನ ಬಾಟಲಿಯಂಥ ಟ್ರ್ಯಾಪನ್ನು ಕೈಯಲ್ಲೇ ತಿರುಗಿಸಿ ಬಿಚ್ಚಬಹುದು. ಕೆಳಗೆ ಬಕೆಟ್ ಇಡುವುದನ್ನು ಮರೆಯಬೇಡಿ, ನಾನು ಮರೆತಿದ್ದೆ. ನಮ್ಮದರಲ್ಲಿ ಸಿಕ್ಕಿದ್ದು ಗಂಜಿಯ ಗಸಿ, ಎಣ್ಣೆ ಜಿಡ್ಡು, ಒಂದು ಚಮಚ ಮತ್ತು ಅಮ್ಮ ಎರಡು ವರ್ಷದಿಂದ ಹುಡುಕುತ್ತಿದ್ದ ಕುಕ್ಕರಿನ ವೆಯ್ಟು.

ಪಾಯಿಖಾನೆ ಗುಂಡಿಯ ವಿಷಯ ಬರೆಯಲು ಜನ ಮುಜುಗರ ಪಡುತ್ತಾರೆ. ಮಲೆನಾಡಿನವರು ಪಡಬಾರದು, ಜುಲೈನಲ್ಲಿ ಅದು ತಾನೇ ಮಾತಾಡುತ್ತದೆ. ಆರಿದ್ರಾ, ಪುನರ್ವಸು ಮಳೆ ಹಿಡಿದು ಹದಿನೈದು ದಿನವಾದರೆ ಸುತ್ತಲಿನ ಮಣ್ಣು ನೀರು ಕುಡಿದು ತುಂಬಿರುತ್ತದೆ, ಗುಂಡಿಯ ನೀರನ್ನು ಅದು ಎಲ್ಲಿಂದ ಕುಡಿಯಬೇಕು? ನೀರು ಹಾಕಿದರೆ ಒಳಗೆ ಹೋಗುವುದಿಲ್ಲ. ಗುಂಡಿ ತುಂಬಿದೆ ಅಂತ ಗಾಬರಿಯಾಗಿ ಮಳೆಯಲ್ಲೇ ಖಾಲಿ ಮಾಡಿಸಲು ಹೋಗಬೇಡಿ, ಮಾರನೇ ದಿನ ಮತ್ತೆ ತುಂಬುತ್ತದೆ. ಮಾಡಿನ ನೀರು ಗುಂಡಿಯ ಹತ್ತಿರ ಬೀಳದ ಹಾಗೆ ಅಗಳು ತೆಗೆದು, ಬಚ್ಚಲಿನ ನೀರನ್ನು ಬಾಳೆಗೆ ತಿರುಗಿಸಿದ ಮೇಲೆ ನಮ್ಮ ಮನೆಯ ಜುಲೈ ಸ್ವಲ್ಪ ಸುಧಾರಿಸಿದೆ. ಅವಳಿ ಗುಂಡಿ ಇದ್ದವರಿಗೆ ಇನ್ನೂ ಅನುಕೂಲ. ಒಂದು ತುಂಬಿದರೆ ಮಧ್ಯದ ಚೇಂಬರಿನಲ್ಲಿ ದಾರಿ ತಿರುಗಿಸಿ ಇನ್ನೊಂದಕ್ಕೆ ಬಿಡುವುದು, ಮೊದಲಿನದ್ದನ್ನು ಎರಡು ವರ್ಷ ಮುಟ್ಟದಿದ್ದರೆ ಮಣ್ಣಿನಂಥ ಗೊಬ್ಬರ. ಕುಡಿಯುವ ಬಾವಿ ಕನಿಷ್ಠ ಹತ್ತು ಮೀಟರ್ ದೂರ ಇರಲಿ, ನಮ್ಮ ಮಳೆಗೆ ಇನ್ನೂ ದೂರ ಇದ್ದಷ್ಟು ಒಳ್ಳೆಯದು. ಏನೇ ಆಗಲಿ, ಗುಂಡಿಯೊಳಗೆ ಯಾರನ್ನೂ ಇಳಿಸಬೇಡಿ, ನೀವೂ ಇಳಿಯಬೇಡಿ. ಅಲ್ಲಿನ ಗಾಳಿ ಕಣ್ಣಿಗೆ ಕಾಣುವುದಿಲ್ಲ, ಇಳಿದವನು ಕೂಗುವ ಮೊದಲೇ ಬೀಳುತ್ತಾನೆ. ಎತ್ತಲು ಹೋದವನೂ ಬೀಳುತ್ತಾನೆ.

ಮಂಡಿ ನೋವಿನ ಆ ಮೂರು ತಿಂಗಳಲ್ಲಿ ನಾನು ಮಾಡಿದ ಒಂದೇ ಒಳ್ಳೆ ಕೆಲಸ ಅಂದರೆ ನಕ್ಷೆ. ಹಳೇ ಕ್ಯಾಲೆಂಡರಿನ ಬೆನ್ನಿಗೆ ಮನೆ, ಕೊಟ್ಟಿಗೆ, ಬಾವಿ, ಗುಡ್ಡ ಬರೆದೆ. ಅಪ್ಪಯ್ಯ ಜಗಲಿಯಲ್ಲಿ ಕಾಲು ಚಾಚಿ ಕೂತು ಹೇಳುತ್ತಾ ಹೋದರು. ಇಲ್ಲಿ ಒಂದೂವರೆ ಅಡಿ ಆಳದಲ್ಲಿದೆ, ಗುದ್ದಲಿ ಹಾಕಬೇಡ. ಇಲ್ಲಿ ಎರಡು ಇಂಚಿಂದ ಒಂದಕ್ಕೆ ಇಳಿದಿದೆ. ಈ ಬೆಂಡು ನಿನ್ನ ಅಕ್ಕನ ಮದುವೆ ಚಪ್ಪರಕ್ಕೆ ಅಂತ ತಿರುಗಿಸಿದ್ದು, ಆಮೇಲೆ ಹಾಗೇ ಬಿಟ್ಟೆ. ಅಮ್ಮ ನಡುವೆ ಬಂದು ತಿದ್ದುತ್ತಿದ್ದರು. ಅಡುಗೆಮನೆಯ ಕೊಳವೆಯ ದಾರಿ ಅಪ್ಪಯ್ಯನಿಗೆ ಗೊತ್ತೇ ಇರಲಿಲ್ಲ, ಅದನ್ನು ಹಾಕಿಸಿದ್ದು ಅಮ್ಮ. ಕಡ್ಡಿ ಇರುವ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದೆವು. ಒಂದು ಅಂತ ತಿಳಿದಿದ್ದೆ, ಮೂರು ಇದ್ದವು.

ತುಳಸಿ ಕಟ್ಟೆಯ ಹಿಂದೆ ನೆಲದಿಂದ ನಾಲ್ಕು ಬೆರಳು ಮೇಲೆ ಬಂದಿರುವ ಒಂದು ಕಬ್ಬಿಣದ ಪೈಪಿನ ತುಂಡು ಮಾತ್ರ ನಕ್ಷೆಗೆ ಸೇರಲಿಲ್ಲ. ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ, ಅಪ್ಪಯ್ಯನಿಗೆ ಗೊತ್ತಿಲ್ಲ. ಅಮ್ಮನಿಗೂ ಗೊತ್ತಿಲ್ಲ. ತಾನು ಮದುವೆಯಾಗಿ ಬಂದಾಗಲೇ ಇತ್ತು ಅನ್ನುತ್ತಾರೆ. ಅಗೆದು ನೋಡುತ್ತೇನೆ ಅಂದೆ. "ಸೋರ್ತಾ ಇಲ್ಲ ಅಲ್ವಾ? ಅದರಷ್ಟಕ್ಕೆ ಬಿಡು" ಅಂದರು. ಕಳೆದ ವಾರ ಜೋರು ಮಳೆ ಬಂದಾಗ ಅದರ ಬಾಯಿಗೆ ಕೈ ಹಿಡಿದೆ. ಒಳಗಿನಿಂದ ತಣ್ಣಗೆ ಗಾಳಿ ಬರುತ್ತಿತ್ತು.